ಸೊಟ್ಟಗಾದ ಕೈಗಳ ಲೇಖನ

ಮಕ್ಕಳ ಮೂಳೆ ಕೂಡಿಸುವುದರಲ್ಲಿ ಪಳಗಿದ ಕೈ ಎಂದು ಊರೆಲ್ಲ ಹೊಗಳುತ್ತಿದ್ದ ಡಾಕ್ಟರಮ್ಮನಿಗೆ ಲೇಖನ ಬರೆಯುವುದೆಂದರೆ ಅಷ್ಟಕ್ಕಷ್ಟೆ. ವೈದ್ಯಕೀಯ ಜರ್ನಲ್‌ಗಳಿಗೆ ಬರೆಯುವವರು ಬಡ್ತಿಯ ಮೇಲೆ ಕಣ್ಣಿಟ್ಟವರು, ರೋಗಿಗಳನ್ನು ನೋಡುವವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಮೂಗು ಮುರಿಯುತ್ತಿದ್ದಳು.

ಆ ಮಾತನ್ನು ಅವಳು ನುಂಗಿಕೊಳ್ಳಬೇಕಾಗಿ ಬಂದದ್ದು ಒಂದು ಹೊಸ ಕಟ್ಟಿನಿಂದ. ಮಕ್ಕಳ ಮಣಿಕಟ್ಟು ಮುರಿದರೆ ಪ್ಲಾಸ್ಟರ್ ಬೇಡ, ಈ ಹಗುರವಾದ ಪಟ್ಟಿ ಸುತ್ತಿದರೆ ಸಾಕು ಎಂದು ಜರ್ನಲ್‌ಗಳು ಕೊಂಡಾಡಿದ್ದವು. ಅವಳೂ ನಂಬಿ ಸುತ್ತಿದಳು. ಕೆಲವು ತಿಂಗಳಲ್ಲೇ ಕೈ ಸೊಟ್ಟಗೆ ಕೂಡಿಕೊಂಡ ಮಕ್ಕಳು ಒಬ್ಬೊಬ್ಬರಾಗಿ ಅವಳ ಕೋಣೆಗೆ ಮರಳತೊಡಗಿದರು. ಅವರಿಗೆಲ್ಲ ಮತ್ತೆ ಚಿಕಿತ್ಸೆ ಮಾಡಿದಳು. ಬೇರೆಯವರಿಗೂ ಹೀಗಾಗಿದೆಯೇ ಎಂದು ಜರ್ನಲ್‌ಗಳನ್ನು ಜಾಲಾಡಿದರೆ ಎಲ್ಲೆಲ್ಲೂ ಹೊಗಳಿಕೆಯೇ. ಇದನ್ನು ತಾನೇ ಬರೆಯಬೇಕೆಂದು ಅವಳಿಗೆ ಆಗ ಅನ್ನಿಸಿತು.

"ಸೋತಿದ್ದನ್ನ ಯಾರಾದ್ರೂ ಊರಿಗೆಲ್ಲ ಸಾರ್ತಾರೇನಮ್ಮ? ಆಸ್ಪತ್ರೆ ಮರ್ಯಾದೆ ಏನಾಗ್ಬೇಕು?" ಎಂದರು ಹಿರಿಯ ವೈದ್ಯರು.

ಜೊತೆಯ ಡಾಕ್ಟರ್ ದನಿ ತಗ್ಗಿಸಿ ಹೇಳಿದ: "ಕೆಟ್ಟ ಕೇಸುಗಳಲ್ಲಿ ಒಂದಷ್ಟು ಬಿಟ್ಟುಬಿಡಿ ಮೇಡಂ. ನೋಡೋಕೆ ಚೆನ್ನಾಗಿರುತ್ತೆ."

"ಲೇಖನದಿಂದ ಬಿಟ್ರೆ ಆ ಮಕ್ಕಳ ಕೈ ನೆಟ್ಟಗಾಗುತ್ತಾ?"

ಒಂದು ಕೇಸನ್ನೂ ಅವಳು ಬಿಡಲಿಲ್ಲ.

ಮಕ್ಕಳ ವಿಷಯ ಬರೆಯಲು ಒಪ್ಪಿಗೆ ಕೇಳಿಕೊಂಡು ಅವರ ಮನೆಗಳಿಗೆ ಹೋದಳು. ಬಟ್ಟೆ ಹೊಲಿಯುವ ಒಬ್ಬ ತಾಯಿ ಮಿಷನ್ ನಿಲ್ಲಿಸಿ ಹೇಳಿದಳು: "ಬರೀರಿ ಡಾಕ್ಟ್ರೇ. ಇನ್ನೊಬ್ಬರ ಮಗು ನರಳೋದು ಬೇಡ."

ಅಡುಗೆಮನೆಯ ಮೇಜಿನ ಮೇಲೆ ಲೇಖನ ಬೆಳೆಯಿತು. ಎದುರಿಗೆ ಬಟಾಣಿ ಸುಲಿಯುತ್ತ ಕೂತಿರುತ್ತಿದ್ದ ಅತ್ತೆ, "ಇದನ್ನ ಯಾರೇ ಓದ್ತಾರೆ?" ಎಂದು ಗೊಣಗುತ್ತಿದ್ದರು. ಮೊದಲ ಜರ್ನಲ್, ಇದರಲ್ಲಿ ಹೊಸದೇನಿಲ್ಲ ಎಂದು ಹಿಂದಿರುಗಿಸಿತು. ಎರಡನೆಯದು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿ, ಕೊನೆಗೆ ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕಿತು.

ಅಚ್ಚಾದ ಕೆಲವೇ ದಿನಗಳಲ್ಲಿ, ಮುಖ ಕಂಡರಿಯದ ದೂರದ ವೈದ್ಯರೊಬ್ಬರ ಫೋನು ಬಂತು. "ನಮ್ಮಲ್ಲೂ ಹೀಗೇ ಆಗ್ತಿತ್ತು. ನನ್ನ ಕೈ ತಪ್ಪು ಅಂದ್ಕೊಂಡು ಒಳಗೊಳಗೇ ಕೊರಗ್ತಿದ್ದೆ. ಇವತ್ತಿಂದ ಆ ಪಟ್ಟಿ ನಿಲ್ಲಿಸ್ದೆ." ಫೋನಿಟ್ಟ ಮೇಲೂ ಅವಳು ಕಾರಿಡಾರಿನಲ್ಲಿ ಹಾಗೇ ನಿಂತಿದ್ದಳು. ಆಮೇಲೆ ತಲೆಯೆತ್ತಿ ವಾರ್ಡಿನ ಕಡೆ ನಡೆದಳು. ಮರುವಾರದ ಸಭೆಯಲ್ಲಿ ಹಿರಿಯ ವೈದ್ಯರು ಲೇಖನವನ್ನು ತಾವೇ ಎತ್ತಿ ಹಿಡಿದು, "ನಮ್ಮ ಆಸ್ಪತ್ರೆಯದು" ಎಂದರು. ಅವಳು ನಗು ತಡೆದುಕೊಂಡಳು.

ಸುದ್ದಿ ತಿಳಿದ ಪಕ್ಕದ ಮನೆಯಾಕೆ, "ನಿಮ್ಮ ಸೊಸೆ ಹೊಸ ಔಷಧ ಕಂಡುಹಿಡಿದ್ರಂತೆ?" ಎಂದು ಕೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡರು.

"ಔಷಧ ಯಾರು ಬೇಕಾದ್ರೂ ಕಂಡುಹಿಡೀತಾರೆ. ಕೆಲಸಕ್ಕೆ ಬಾರದ್ದು ಯಾವುದು ಅಂತ ಹೇಳೋಕೆ ಗುಂಡಿಗೆ ಬೇಕಮ್ಮ."