ಓದುವಾಗ ನಾನು ನುಂಗಿದ್ದು

ಪುಸ್ತಕದ ಕವರಿನ ಮೇಲೆ ಗಿಟಾರ್ ಹಿಡಿದ ಮುದುಕನ ಫೋಟೋ ಇತ್ತು. ಯಾವುದೋ ದೇಶದ ರಾಕ್ ಹಾಡುಗಾರ ತನ್ನ ಬದುಕನ್ನು ತಾನೇ ಬರೆದುಕೊಂಡದ್ದು. ಗಂಗಾವತಿಯ ರದ್ದಿ ಅಂಗಡಿಯಲ್ಲಿ ಸಿಕ್ಕಿತ್ತು. ನನಗೆ ರಾಕ್ ಮ್ಯೂಸಿಕ್ ಅಂದರೆ ತಲೆನೋವು. ಇಂಗ್ಲಿಷ್ ಓದುವ ಚಟಕ್ಕೆ ಕೊಂಡು ತಂದಿದ್ದೆ, ಅಷ್ಟೆ. ಆದರೆ ಎದುರು ಮನೆಯ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇಂವಾ ಯಾರವಾ? ನಿಮ್ಮಣ್ಣಾರು ಹಿಡಕೊಂಡಂಗ ಹಿಡಕೊಂಡಾನ ನೋಡು."

ಅಣ್ಣ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಸಿದ್ದಾಪುರ, ಮರಳಿ ಊರುಗಳ ಕಡೆ ಭತ್ತದ ಸುಗ್ಗಿ ಮುಗಿದು ಲಗ್ನಗಳು ಶುರುವಾದರೆ ಮನೆ ಸೇರುತ್ತಿರಲಿಲ್ಲ. ಆಮೇಲೆ ಹೈದರಾಬಾದಿನ ಒಂದು ಹೋಟೆಲಿನಲ್ಲಿ ಬಾರಿಸಲು ಹೋದವನು ಅಲ್ಲೇ ತೀರಿಕೊಂಡ. ಆಗ ವೈನಿಗೆ ಇಪ್ಪತ್ತೊಂದು.

"ಕನ್ನಡದಾಗ ಓದಿ ಹೇಳು," ಎಂದರು. ದಿನಾ ಮಧ್ಯಾಹ್ನ ಊಟ ಮುಗಿಸಿ ಬಂದು ಕೂಡತೊಡಗಿದರು.

ಆ ಮನುಷ್ಯ ಭಾರಿ ಫ್ರ್ಯಾಂಕ್. ಕುಡಿತ, ಹೆಂಗಸರು, ಸೂಜಿ ಚುಚ್ಚಿಕೊಂಡದ್ದು, ಯಾವುದನ್ನೂ ಮುಚ್ಚಿಟ್ಟಿಲ್ಲ. ಅಂಥ ಕಡೆ ನಾನು ಮೆಲ್ಲಗೆ ಹಾಳೆ ತಿರುವಿಬಿಡುತ್ತಿದ್ದೆ.

"ಏನೋ ನುಂಗಿದಿ ನೀನು," ವೈನಿ ಹಿಡಿದುಬಿಟ್ಟರು.

"ಹೊಲಸು ಮಾತದಾವ್ರಿ ವೈನಿ, ಬಿಡ್ರಿ."

"ಎಪ್ಪತ್ತೈದು ದಾಟೇನಿ. ಇನ್ನ ನಾ ಏನ ಕೆಡತೀನಿ?"

ಇಬ್ಬರೂ ನಕ್ಕೆವು.

ಐದನೆಯ ಚಾಪ್ಟರಿನಲ್ಲಿ ನನ್ನ ನಗು ನಿಂತಿತು. ಅವನ ಬ್ಯಾಂಡಿನ ಗೆಳೆಯ ಫೋನ್ ಮಾಡಿ, ಒಬ್ಬನೇ ಇರಲಾರೆ, ನಿನ್ನ ಮನೆಗೆ ಬರುತ್ತೇನೆ ಎನ್ನುತ್ತಾನೆ. ಇವನು ತಾನು ಊರಲ್ಲೇ ಇಲ್ಲವೆಂದು ಹೆಂಡತಿಯಿಂದ ಹೇಳಿಸುತ್ತಾನೆ. ವಾರದೊಳಗೆ ಗೆಳೆಯ ತೀರಿಹೋದ. ಅದನ್ನು ಓದುತ್ತಿದ್ದಂತೆ ನನ್ನ ಕಿವಿಯಲ್ಲಿ ಬೇರೆಯ ಇಂಗ್ಲಿಷ್ ಕೇಳತೊಡಗಿತು, ಅಣ್ಣನ ದನಿಯಲ್ಲಿ.

ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಇಂಗ್ಲಿಷಿನಲ್ಲಿ ಏನೇ ಬರಲಿ, ಟೆಲಿಗ್ರಾಮಿನ ತಾರು, ನೋಟಿಸು, ಕಾಗದ, ನಾನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಬೇಕು. ಓಣಿಯವರೂ ತಮ್ಮ ಕಾಗದ ತರುತ್ತಿದ್ದರು. ಅಣ್ಣನ ಕೊನೆಯ ಕಾಗದ ಇಂಗ್ಲಿಷಿನಲ್ಲಿತ್ತು, ನನಗೊಬ್ಬಳಿಗೇ ತಿಳಿಯಲಿ ಎಂದು. ಅಪ್ಪ ಬಿಡಬೇಕಲ್ಲ!

"ಓದವಾ, ಏನಂತಾನ ನಮ್ಮ ಸಾಹೇಬ?"

ಬಾಗಿಲ ಹಿಂದೆ ವೈನಿಯ ಬಳೆ ಸದ್ದಾಯಿತು.

ಕೈ ನಡುಗುತ್ತಿದೆ, ಕುಡಿತ ಬಿಡಲಾಗುತ್ತಿಲ್ಲ, ಮನೆಗೆ ಬರಬೇಕು, ಯಾರನ್ನಾದರೂ ಕಳಿಸು ಎಂದು ಬರೆದಿದ್ದ. ಆ ಸೋಮವಾರ ಕುಷ್ಟಗಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಅಂಥ ಸ್ಥಿತಿಯಲ್ಲಿ ಅಣ್ಣ ಮನೆಯಲ್ಲಿದ್ದರೆ ನನ್ನನ್ನು ಯಾರು ಒಪ್ಪುತ್ತಾರೆ? ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಸಿಸ್ಟರ್ ಬೋರ್ಡಿನ ಮೇಲೆ ಒಂದು ಲೆಟರ್ ಬರೆಯುತ್ತಿದ್ದರು. ನಾವೆಲ್ಲ ಅದನ್ನೇ ನಕಲು ಮಾಡಿ ಮನೆಗೆ ಕಳಿಸುತ್ತಿದ್ದೆವು: ಇಲ್ಲಿ ನಾನು ಕ್ಷೇಮ, ಊಟ ಚೆನ್ನಾಗಿದೆ, ರಜೆಗೆ ಬರುತ್ತೇನೆ. ನನ್ನ ಬಾಯಿಗೆ ಅದೇ ಬಂತು. ಅದನ್ನೇ ಓದಿದೆ.

ಕುಷ್ಟಗಿಯವರು ಬಂದು ಹೋದ ಮರುದಿನ ಹೈದರಾಬಾದಿನಿಂದ ತಾರು ಬಂತು. ಅದನ್ನು ಮಾತ್ರ ಇದ್ದಂತೆ ಓದಿದೆ.

"ಯಾಕ ನಿಂತಿ, ಮುಂದ ಓದು," ಎಂದರು ಎದುರಿಗೆ ಕೂತಿದ್ದ ವೈನಿ, ಪುಸ್ತಕದ ಕಡೆ ಕೈ ಮಾಡಿ.

ನಾನು ಪುಸ್ತಕ ಮಡಚಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸೆರಗಿನ ಅಂಚು ಸವರಿದರು.

"ಹೈದರಾಬಾದಿಗೆ ಸಂಜಿ ಬಸ್ಸಿತ್ತಲ್ಲ, ತಂಗಿ. ನಾನರ ಹೋಗತಿದ್ದೆ."

ಎದ್ದು ಹೋದರು. ಮೂರು ದಿನ ಎದುರು ಮನೆಯ ಬಾಗಿಲು ತೆರೆಯಲಿಲ್ಲ. ನಾನು ಪುಸ್ತಕದ ಯಾವ ಪುಟ ತೆರೆದರೂ ಆ ಹಾಡುಗಾರನ ಮಾತು ಬರಲಿಲ್ಲ, ಅಣ್ಣನದೇ ಬಂತು. ನಾಲ್ಕನೆಯ ದಿನ ವೈನಿ ಬಂದರು. ಕೂಡಲಿಲ್ಲ.

"ಅವರು ಇಂಗ್ಲೀಷಿನ್ಯಾಗ ಹೆಂಗ ಬರೆದಿದ್ರೋ ಹಂಗ ಹೇಳು."

"ನಿಮಗ ತಿಳಿಯಂಗಿಲ್ಲಲ್ರಿ ವೈನಿ."

"ತಿಳೀದಿದ್ರ ಬಿಡು. ನನಗೂ ಸೇರಿದ ಕಾಗದ ಅದು."

ಕಾಗದವನ್ನು ಅಂದೇ ಒಲೆಗೆ ಹಾಕಿದ್ದೆ. ನನ್ನೊಳಗೆ ಸಾಲು ಒಂದೂ ಸುಟ್ಟಿರಲಿಲ್ಲ. ಹೇಳಿದೆ: ಐ ವಾಂಟ್ ಟು ಕಮ್ ಹೋಮ್. ಪ್ಲೀಸ್ ಸೆಂಡ್ ಸಮ್‌ವನ್.

ವೈನಿಯ ತುಟಿ ಅಲ್ಲಾಡಿತು. "ಇನ್ನೊಮ್ಮಿ," ಎಂದರು.

ಈಗಲೂ ದಿನಾ ಬರುತ್ತಾರೆ. ಪುಸ್ತಕ ಕೇಳುವುದಿಲ್ಲ, ಅದೊಂದನ್ನೇ ಹೇಳಿಸುತ್ತಾರೆ. ನಾನು ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಬಾಗಿಲ ಕಡೆ ನೋಡುತ್ತ ನಿಂತಿರುತ್ತಾರೆ.