ಒಕ್ಕಲಿಲ್ಲದ ದೇವರು

ಶೆಟ್ಟಿಕೆರೆಯ ಕಾಂತೇಶನ ಕೆಲಸ ಏನೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಅವನು ತೆಂಗಿನಕಾಯಿ ಅಲ್ಲಾಡಿಸುತ್ತಾನೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಕತ್ತಲಲ್ಲಿ ಬಿದ್ದ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಕಿವಿಗೆ ಹಿಡಿದು ಹೇಳುತ್ತಾನೆ. ಗುಳುಗುಳು ಎಂದರೆ ನೀರಿದೆ, ಲೊಟಲೊಟ ಎಂದರೆ ಸುಲಿಯಬಹುದು. ಮನೆಯವರು ಕೆಳಗೆ ನಿಂತು "ಒಣಗ್ಯದಾ?" ಎಂದು ಕೇಳುತ್ತಾರೆ. ಇವನು ಹೂಂ ಎನ್ನದೆ ಯಾರೂ ಒಂದು ಕಾಯಿ ಇಳಿಸುವುದಿಲ್ಲ.

ಊರಿನ ಗ್ರಂಥಾಲಯದ ಬೀಗದ ಕೈ ನನ್ನ ಹತ್ತಿರ ಇರುವುದರಿಂದ ಅವನ ಇನ್ನೊಂದು ಮುಖವೂ ನನಗೆ ಗೊತ್ತು. ಇಪ್ಪತ್ತು ವರ್ಷ ಪುಸ್ತಕ ಕೊಟ್ಟು ವಾಪಸು ಪಡೆದ ಮೇಲೆ ಓದುಗರ ಬಗ್ಗೆ ನನಗೆ ಗೌರವಕ್ಕಿಂತ ಅನುಮಾನವೇ ಜಾಸ್ತಿ. ಹಾಳೆ ಮಡಚುತ್ತಾರೆ, ಕೊನೆಯ ಪುಟ ಮೊದಲು ಓದುತ್ತಾರೆ. ಕಾಂತೇಶ ಎರಡೂ ಮಾಡುವುದಿಲ್ಲ. ಅವನದು ಬೇರೆ ರೋಗ. ಹನ್ನೊಂದು ವರ್ಷದ ಹಿಂದೆ ಓದಿದ ಒಂದು ಪುಸ್ತಕವನ್ನು ಬಂದವರಿಗೆಲ್ಲ ಗಂಟು ಹಾಕಲು ನೋಡುತ್ತಾನೆ.

ರಟ್ಟು ಕಿತ್ತುಹೋದ ಪುಸ್ತಕ ಅದು. ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ನಾವು ಗುಡ್ಡದ ಪುಸ್ತಕ ಎನ್ನುತ್ತೇವೆ. ಯಾವುದೋ ದೇಶದಲ್ಲಿ ಗುಡ್ಡ ಅಳೆಯಲು ಹೋದವರಿಗೆ ಒಂದು ದಿನ ಬಂದ ಅಳತೆ ಇನ್ನೊಂದು ದಿನ ಬರುವುದಿಲ್ಲವಂತೆ. ಕೊನೆಗೆ ನೋಡಿದರೆ ಗುಡ್ಡ ಉಸಿರಾಡುತ್ತಿರುತ್ತದಂತೆ. ಭೂಮಿಗಿಂತ ಹಳೆಯದಂತೆ, ಮಲಗಿದೆಯಂತೆ, ತನ್ನ ಮೈಮೇಲೆ ಮನುಷ್ಯರು ಓಡಾಡುತ್ತಿರುವುದು ಅದಕ್ಕೆ ತಿಳಿದೇ ಇಲ್ಲವಂತೆ. ಇಷ್ಟು ಅಂತೆ ಯಾಕೆಂದರೆ ನಾನು ಅದನ್ನು ಓದಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ಕೈದು ಜನ ಸೇರಿ, ಯಾರು ಏನು ಓದಬೇಕೆಂದು ಹೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಹೋದ ಮಾಘದಲ್ಲಿ ಕಾಂತೇಶ ಮತ್ತೆ ಗುಡ್ಡದ ಮಾತು ಎತ್ತಿ, ಓದಿದರೆ ಹೆದರಿಕೆಯಾಗುತ್ತದೆ ಎಂದ. ನಿವೃತ್ತ ಪೋಸ್ಟ್‌ಮ್ಯಾನ್ ಕೆಂಚಯ್ಯ ದೆವ್ವದ ಕಥೆಯಾ ಎಂದು ಕೇಳಿದರು. ಅಲ್ಲ. ಕೊಲೆಯಾದರೂ ಇದೆಯಾ? ಅದೂ ಇಲ್ಲ. ಹಾಗಾದರೆ ಹೆದರುವುದು ಯಾತಕ್ಕೆ? ಕಾಂತೇಶ ತಡವರಿಸಿ, ಅದೊಂಥರಾ ದೇವರಿದ್ದ ಹಾಗೆ ಎಂದುಬಿಟ್ಟ.

"ಯಾರ ಮನೆದೇವ್ರಲಾ? ಎಲ್ಲೆಲ್ಲಿ ಒಕ್ಕಲವ್ರೆ?" ಎಂದರು ಕೆಂಚಯ್ಯ.

"ಒಕ್ಕಲೇ ಇಲ್ಲ ಕಣಯ್ಯ. ಹರಕೆ ಹೊತ್ರೂ ಕೇಳಾಕಿಲ್ಲ, ಬೈದ್ರೂ ಕೇಳಾಕಿಲ್ಲ. ನಾವಿದ್ದೀವಿ ಅಂತ್ಲೇ ಅದಕ್ಕೆ ಗೊತ್ತಿಲ್ಲ."

ಅಂಥ ದೇವರು ಇರಲಿಕ್ಕೇ ಸಾಧ್ಯವಿಲ್ಲ ಎಂದು ಕೆಂಚಯ್ಯ ಒಂದು ಐತಿಹಾಸಿಕ ಕಾದಂಬರಿ ಹಿಡಿದು ಎದ್ದರು.

ಎಲ್ಲರೂ ಹೋದ ಮೇಲೆ ಕಾಂತೇಶ ನನ್ನೆದುರು ಕೂತ. ಆ ಪುಸ್ತಕ ಓದಿದ ಮೇಲೆ ಅಟ್ಟ ಹತ್ತಿ ಕಾಯಿ ಕಿವಿಗೆ ಹಿಡಿದಾಗಲೆಲ್ಲ ಅವನ ಎದೆ ಝಲ್ಲೆನ್ನುತ್ತದಂತೆ. "ನಂಗೊಬ್ನಿಗೇ ಹಿಂಗಾಗೋದಾ, ಇಲ್ಲ ಓದಿದ್ ಎಲ್ರಿಗೂ ಆಗ್ತದಾ ಅಂತ ಗೊತ್ತಾದ್ರೆ ಸಾಕು ಸಾ," ಎಂದ. ನಾನೂ ಓದಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು. ಆದರೂ, ಹೆದರಿಕೆಗೆ ನಮ್ಮ ಮನೆಯಲ್ಲೇ ಕೊರತೆಯಿಲ್ಲ ಎಂದು ತಮಾಷೆ ಮಾಡಿ ಜಾರಿಕೊಂಡೆ.

ಆಮೇಲೊಂದು ದಿನ ಬಂದು ಆ ಪುಸ್ತಕ ಒಯ್ದವರು ಹೊಂಬಾಳಮ್ಮ. ವಯಸ್ಸು ಎಪ್ಪತ್ತು, ಓದುವುದೆಲ್ಲ ಭಕ್ತಿಯ ಪುಸ್ತಕ. ಭಾನುವಾರದ ಮಾತಿನಲ್ಲಿ ದೇವರು ಎಂಬುದೊಂದೇ ಅವರ ಕಿವಿಗೆ ಬಿದ್ದಿತ್ತು. ಇದು ಅಂಥದ್ದಲ್ಲ ಎಂದು ಹೇಳಲು ಕಾಂತೇಶ ಬಾಯಿ ತೆರೆದ. ನಾನು ಮೇಜಿನಡಿ ಅವನ ಕಾಲು ತುಳಿದೆ. ಆಮೇಲೆ ಮೂರು ವಾರ ದಿನಾ ಬಂದು, ಅಮ್ಮ ಏನಾದರೂ ಅಂದರಾ ಎಂದು ನನ್ನ ಪ್ರಾಣ ತಿಂದ.

ಕೊನೆಗೆ ಕಾಯಿ ನೋಡಲು ಬಾ ಎಂದು ಅವರೇ ಹೇಳಿ ಕಳಿಸಿದರು. ಪುಸ್ತಕದ ಗಡುವು ಮೀರಿದೆ ಎಂಬ ನೆಪ ಹಿಡಿದು ನಾನೂ ಹೊರಟೆ. ಬೆಳಿಗ್ಗೆ ಹನ್ನೊಂದು ಗಂಟೆ. ಪುಸ್ತಕ ದೇವರ ಮನೆಯ ಹೊಸ್ತಿಲ ಮೇಲಿತ್ತು. ಒಳಗಿಡಲು ಮನಸ್ಸು ಬರಲಿಲ್ಲವಂತೆ, ಹೊರಗಿಡಲು ಧೈರ್ಯ ಬರಲಿಲ್ಲವಂತೆ.

ಮಜ್ಜಿಗೆ ಕೊಟ್ಟು ಹೊಂಬಾಳಮ್ಮ, "ಪಾಪ ಕಣಪ್ಪ. ಅಷ್ಟು ದೊಡ್ಡದು, ಹೆಸರಿಡಿದು ಕರೆಯಾಕೆ ಒಂದು ಒಕ್ಕಲಿಲ್ಲ," ಎಂದರು.

ಕಾಂತೇಶನ ಮುಖ ಬಾಡಿತು. ಹನ್ನೊಂದು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಕನಿಕರ. ಅವನು ಲೋಟ ಕೆಳಗಿಟ್ಟು ಕೆಲಸಕ್ಕೆಂದು ಎದ್ದ. ಅಟ್ಟದ ಏಣಿ ಗೋಡೆಗೆ ಒರಗಿರಲಿಲ್ಲ, ಹಿತ್ತಲಿನಲ್ಲಿ ಮಲಗಿತ್ತು. ಯಾಕಮ್ಮ ಎಂದು ಕೇಳಿದ.

"ಹತ್ತು ದಿನದಿಂದ ನಾನು ಮೇಲಕ್ಕೆ ಹತ್ತಿಲ್ಲ," ಎಂದರು ಅವರು, ತಲೆ ಎತ್ತದೆ. "ಅಷ್ಟೊಂದು ಕಾಯಿ ಕತ್ಲಲ್ಲಿ ಸುಮ್ನೆ ಕುಂತವೆ. ನಾವು ಅದ್ರ ಕೆಳಗೇ ಉಣ್ತೀವಿ, ಮಲಗ್ತೀವಿ. ಒಳಗೇನ್ ನಡೀತದೋ ಯಾರ್ ಕಂಡೋರು."

ಕಾಂತೇಶ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತ. ನನಗೂ ಹಂಗೇ ಕಣಮ್ಮ, ನನಗೂ ಹಂಗೇ, ಎಂದು ಎರಡು ಸಲ ಹೇಳಿದ. ಅವನ ಕಣ್ಣು ತುಂಬಿತ್ತು. ನಾನೂ ಅವನ ಪಕ್ಕದಲ್ಲಿ ಕೂತೆ, ಪುಸ್ತಕ ಓದದೆಯೇ.

ಆಮೇಲೆ ಏಣಿ ತಂದು ಒರಗಿಸಿದೆವು. ಸ್ವಲ್ಪ ಹೊತ್ತು ಮೂವರೂ ಮೇಲೆ ನೋಡುತ್ತ ನಿಂತೆವು, ಯಾರೂ ಹತ್ತಲಿಲ್ಲ. ಕಡೆಗೆ ಕಾಂತೇಶನೇ ಹತ್ತಿ, ಅಟ್ಟದ ಅಂಚಿನಲ್ಲಿ ಕೂತು ಒಂದು ಕಾಯಿ ಎತ್ತಿ ಅಲ್ಲಾಡಿಸಿದ. ಕಿವಿಗೆ ಹಿಡಿದು, ಇನ್ನೊಂದು ಸಲ ಅಲ್ಲಾಡಿಸಿ ಮತ್ತೆ ಹಿಡಿದ.

ಏಣಿ ಹಿಡಿದಿದ್ದ ಹೊಂಬಾಳಮ್ಮ ಒಣಗ್ಯದಾ ಎಂದು ಕೇಳಲಿಲ್ಲ. "ಏನಂತದೆ?" ಎಂದು ಕೇಳಿದರು.

ಕಾಂತೇಶ ಅವರನ್ನೇ ನೋಡಿದ. ಆಮೇಲೆ ಬಗ್ಗಿ, ನೀವೇ ಕೇಳಿ ಎಂದು ಕಾಯಿಯನ್ನು ಅವರ ಕೈಗೆ ಕೊಟ್ಟ.