ವಿಜಯಶ್ರೀ ಟೀಚರ್ ದ್ವೀಪ ಬಿಟ್ಟು ಬಂದದ್ದು

ಕಮಲಾಪುರದ ಬಂಡೆಮ್ಮನ ಮಗಳು ವಿಜಯಶ್ರೀ ಮೂವತ್ತೆರಡು ವರ್ಷ ತುಂಬುವ ತನಕ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವಳಲ್ಲ. ಊರಿನ ಕೆಂಪು ಬಾಳೆಯ ತೋಟಗಳಲ್ಲಿ ದೊಡ್ಡ ದೊಡ್ಡ ಬಾವಿಗಳಿದ್ದವು. ಬೇಸಿಗೆ ಬಂತೆಂದರೆ ಹುಡುಗರು ಮೇಲಿಂದ ಜಿಗಿದು ಈಜು ಹೊಡೆಯುತ್ತಿದ್ದರು. ಒಂದು ಸಲ ಅವಳ ಕೇರಿಯ ಪೀರಪ್ಪನೂ ಜಿಗಿದ. ಆ ತೋಟದವರು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮೋಟಾರು ಹಚ್ಚಿ ಹಗಲೆಲ್ಲ ಬಾವಿಯ ನೀರನ್ನು ಹೊರಗೆ ಚೆಲ್ಲಿದರು. ಅದೇ ತೋಟದಲ್ಲಿ ಕೂಲಿಗಿದ್ದ ಅಪ್ಪ ದೇವಿಂದ್ರಪ್ಪ ಅಂದು ಸಂಜೆ ಮನೆಗೆ ಬಂದು ಮಗಳನ್ನೂ ಮಗ ಗೌತಮನನ್ನೂ ಎದುರಿಗೆ ಕೂಡಿಸಿಕೊಂಡು, “ನೀರಿನ ಕಡೀ ಹೋಗಬ್ಯಾಡ್ರಿ. ಪುಸ್ತಕ ಹಿಡೀರಿ” ಎಂದಿದ್ದ.

ಗೌತಮ ಹತ್ತನೆಯ ತರಗತಿಯ ನಂತರ ಪುಸ್ತಕ ಬಿಟ್ಟು ಕಪನೂರಿನ ಬೇಳೆ ಮಿಲ್ಲಿಗೆ ಸೇರಿದ. ವಿಜಯಶ್ರೀ ಬಿಡಲಿಲ್ಲ. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದಳು, ಬಿ.ಎಡ್. ಮಾಡಿದಳು, ಒಂದು ಖಾಸಗಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸತೊಡಗಿದಳು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಹೋಗಿ ಸಾಕಾಗಿ, ಶಾಲೆಯ ಹತ್ತಿರ ಒಂದು ಖೋಲಿ ಹುಡುಕಲು ಹೊರಟಳು. ಹೋದಲ್ಲೆಲ್ಲ ಮನೆಯವರು ಮೊದಲು ಚಹಾ ಕೊಡುತ್ತಿದ್ದರು. ಆಮೇಲೆ ಅಡ್ಡಹೆಸರು ಕೇಳುತ್ತಿದ್ದರು. ಅದರಿಂದ ತಿಳಿಯದಿದ್ದರೆ ಊರಲ್ಲಿ ಮನೆ ಯಾವ ಓಣಿಯಲ್ಲಿ ಎಂದು ಕೇಳುತ್ತಿದ್ದರು. ಕೊನೆಗೊಬ್ಬ ಹೆಣ್ಣುಮಗಳು ಚಹಾದ ಕಪ್ಪು ಬಸಿ ಎತ್ತಿಕೊಳ್ಳುತ್ತ, “ನಮ್ದೇನಿಲ್ಲ ಬಿಡ್ರಿ ಟೀಚರ್, ನಮ್ಮ ಮಾವಾರು ಸ್ವಲ್ಪ ಹಳೇ ಕಾಲದವ್ರು” ಎಂದಳು. ವಿಜಯಶ್ರೀ ಅಂದೇ ಬಸ್ ನಿಲ್ದಾಣದಲ್ಲಿ ಕೂತು, ಗೆಳತಿಯೊಬ್ಬಳು ಮೊಬೈಲಿಗೆ ಕಳಿಸಿದ್ದ ಮಾಲ್ಡೀವ್ಸ್ ಶಾಲೆಗಳ ಜಾಹೀರಾತನ್ನು ಎರಡನೆಯ ಸಲ ಓದಿದಳು.

ಹೀಗೆ ಎರಡು ಸಾವಿರದ ಹದಿನೈದರ ಜನವರಿಯಲ್ಲಿ ಅವಳು ಒಂದು ಸಣ್ಣ ದ್ವೀಪಕ್ಕೆ ಹೋಗಿ ಇಳಿದಳು. ಈ ತುದಿಯಿಂದ ಆ ತುದಿಗೆ ನಡೆದರೆ ಕಾಲು ಗಂಟೆ. ಒಂದು ಶಾಲೆ, ಎರಡು ಮಸೀದಿ, ಪ್ರವಾಸಿಗರಿಗೆಂದು ಕಟ್ಟಿದ ಹತ್ತು ಹನ್ನೆರಡು ಅತಿಥಿಗೃಹ. ಮನೆಯೊಡತಿ ನಸೀಮಾ ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಅವಳಿಗೆ ಎರಡೇ ಪ್ರಶ್ನೆ ಕೇಳಿದಳು: ಮೀನು ತಿನ್ನುತ್ತೀಯಾ, ಹಿತ್ತಲ ಕಡೆಯ ಖೋಲಿ ಆದೀತಾ? ಮೂರನೆಯ ಪ್ರಶ್ನೆಗಾಗಿ ವಿಜಯಶ್ರೀ ಕೈಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಸೀಮಾ ಕೀಲಿಕೈ ಕೊಟ್ಟು ಒಲೆಯ ಕಡೆ ಹೋಗಿಬಿಟ್ಟಳು.

ಅವಳಿಗೆ ಆ ಊರು ಹಿಡಿಸಿದ ಬಗೆಯನ್ನು ಹೇಳಿದರೆ ಇಲ್ಲಿಯವರು ನಂಬುತ್ತಿರಲಿಲ್ಲ. ನಾವೆಗೆ ಅಲ್ಲಿಯೂ ದೋಣಿ ಎಂದೇ ಹೆಸರು. ಮನೆ ಮುಂದೆ ಹಗ್ಗದ ಬಲೆ ಬಿಗಿದ ಆಸನವಿರುತ್ತದೆ, ಅದನ್ನು ಅವರು ಜೋಲಿ ಎನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಅವಳು ಜೋಲಿಯಲ್ಲಿ ಕಾಲು ಚಾಚಿ ಬೀದಿ ನೋಡುತ್ತ ಕೂಡುತ್ತಿದ್ದಳು. ಪಕ್ಕದ ಮನೆಯವರು ಬಿಸಿ ರೊಟ್ಟಿ, ಕೊಬ್ಬರಿ ಕಲಸಿದ ಮೀನು ತಂದು ಕೈಗಿಡುತ್ತಿದ್ದರು. ಅವಳು ಮಾಡಿದ ಶೇಂಗಾ ಚಟ್ನಿಯನ್ನು ಬೆರಳು ನೆಕ್ಕಿ ತಿನ್ನುತ್ತಿದ್ದರು. ಅವಳ ಕಲಬುರಗಿ ಹಿಂದಿ ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಒಂದೇ ವರ್ಷದಲ್ಲಿ ಏಳನೆಯ ತರಗತಿಯ ಮಕ್ಕಳೆಲ್ಲ ಹೋಂವರ್ಕ್ ಕೊಟ್ಟರೆ ಬೇಡವೆಂದು “ನಕ್ಕೋ ಮಿಸ್, ನಕ್ಕೋ” ಎನ್ನುವುದನ್ನು ಕಲಿತಿದ್ದವು.

ಅವಳಿಗೆ ಈಜು ಕಲಿಸಿದವಳು ನಸೀಮಾಳ ಮಗಳು ಲೀನ. ಆಗ ಹದಿಮೂರರ ಹುಡುಗಿ. ಸಂಜೆ ಜೀವಕೋಶದ ಚಿತ್ರ ಬಿಡಿಸುವುದನ್ನು ಟೀಚರ್ ಅವಳಿಗೆ ಹೇಳಿಕೊಡಬೇಕು, ಆಮೇಲೆ ಅವಳು ಟೀಚರನ್ನು ಕಡಲಿಗೆ ಕರೆದೊಯ್ಯಬೇಕು ಎಂದು ಇಬ್ಬರ ನಡುವೆ ಒಪ್ಪಂದವಾಗಿತ್ತು. ಅಲ್ಲಿಯ ಹೆಂಗಸರಂತೆ ಮೈತುಂಬ ಬಟ್ಟೆ ಉಟ್ಟೇ ವಿಜಯಶ್ರೀ ನೀರಿಗಿಳಿದಳು. ಮೊದಲ ವಾರವೆಲ್ಲ ಉಪ್ಪುನೀರು ಕುಡಿದಳು, ಮೂರನೆಯ ವಾರ ಬೆನ್ನ ಮೇಲೆ ತೇಲಿದಳು. ಆಕಾಶ ಬಿಟ್ಟು ಬೇರೇನೂ ಕಾಣದ ಹಾಗೆ, ಕಿವಿಯೊಳಗೆ ನೀರಿನ ಗುಂಯ್ ಎನ್ನುವ ಸದ್ದಿನೊಂದಿಗೆ ತೇಲುತ್ತಿರುವಾಗ ಅವಳಿಗೆ ಇದ್ದಕ್ಕಿದ್ದಂತೆ ಪೀರಪ್ಪನ ನೆನಪಾಗಿ ಗಟ್ಟಿಯಾಗಿ ನಗು ಬಂತು. ಏನಾಯಿತು ಎಂದು ಲೀನ ಕೇಳಿದಾಗ, “ಇಷ್ಟು ನೀರು ಚೆಲ್ಲಾಕ ಎಷ್ಟು ಮೋಟಾರ್ ಬೇಕಾದೀತು ಅಂತ ಲೆಕ್ಕ ಹಾಕಾಕತ್ತಿದ್ದೆ” ಎಂದು ಕನ್ನಡದಲ್ಲೇ ಹೇಳಿದಳು. ಹುಡುಗಿಗೆ ಏನೂ ತಿಳಿಯಲಿಲ್ಲ. ಅವಳೂ ನಕ್ಕಳು.

ಕೊರೊನಾ ಬಂದ ವರ್ಷ ಪ್ರವಾಸಿಗರು ಖಾಲಿಯಾದರು, ವಿಮಾನ ನಿಂತವು. ಇತ್ತ ಕಲಬುರಗಿಯಲ್ಲಿ ಓಣಿ ಓಣಿಗೆ ಬೊಂಬು ಅಡ್ಡ ಕಟ್ಟಿದ್ದಾರೆಂದು ಗೌತಮ ಫೋನಿನಲ್ಲಿ ಅಳುಕುತ್ತ ಹೇಳುತ್ತಿದ್ದ. ಅಪ್ಪ ಇಲ್ಲದ ಮನೆಯೊಳಗೆ ಅವ್ವ ಒಬ್ಬಳೇ ಕೂತು ಕೆಮ್ಮುವುದು ಕೇಳುತ್ತಿತ್ತು. ವಿಜಯಶ್ರೀ ಸಮಾಧಾನ ಹೇಳಿ ಫೋನಿಟ್ಟು ಕಡಲಿಗೆ ಹೋಗುತ್ತಿದ್ದಳು. ಇಡೀ ದಂಡೆ ಊರವರದೇ ಆಗಿತ್ತು. ತನ್ನ ಬಾಳಿನ ಅತಿ ಚೆಂದದ ವರ್ಷ ಅದೇ ಎಂಬ ಮಾತನ್ನು ಅವಳು ಇಂದಿಗೂ ಯಾರ ಮುಂದೆಯೂ ಆಡಿಲ್ಲ.

ಇಪ್ಪತ್ತೊಂದರ ಕೊನೆಯಲ್ಲಿ ಗೌತಮನ ಫೋನು ಬಂತು. “ಅಕ್ಕಾ, ಅವ್ವಗ ಲಕ್ವಾ ಹೊಡದದ. ಬಲಗಡೀ ಪೂರಾ ಹೋಗ್ಯಾದ. ಮಾತೂ ನಿಂತದ. ಒಂದು ತಿಂಗಳಾದ್ರೂ ಬಂದು ಹೋಗು.”

ಅವಳು ಒಂದು ತಿಂಗಳ ರಜೆ ಬರೆದುಕೊಟ್ಟು, ಖೋಲಿಯ ಸಾಮಾನು ಹಾಗೇ ಬಿಟ್ಟು ಬಂದಳು. ಕಮಲಾಪುರದ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಮಂಚ ಹಾಕಿ ಅವ್ವನನ್ನು ಮಲಗಿಸಿದ್ದರು. ಗೌತಮನ ಹೆಂಡತಿ ಮಲ್ಲಿಕಾ ಅತ್ತೆಯ ಹೇಲು ಉಚ್ಚೆ ಬಳಿದು, ಬೆನ್ನಿಗೆ ಹುಣ್ಣಾಗದ ಹಾಗೆ ಹೊರಳಿಸಿ ಮಲಗಿಸಿ ಸೊರಗಿದ್ದಳು. ಅವಳಿಗೆ ಆಗ ಏಳು ತಿಂಗಳು. ರಜೆ ಮುಗಿಯಲು ನಾಲ್ಕು ದಿನ ಉಳಿದಾಗ ಒಲೆ ಮುಂದೆ ಕೂತು ಅವಳು ಹೇಳಿದಳು:

“ಅಕ್ಕಾ, ತಪ್ಪು ತಿಳೀಬ್ಯಾಡ್ರಿ. ಅತ್ತೀನ ಎತ್ತಿ ಕೂಡ್ಸಾಕ ಇನ್ ನನ್ ಕೈಲೇ ಆಗಂಗಿಲ್ಲ. ಡಾಕ್ಟರ್ ಭಾರ ಎತ್ತಬ್ಯಾಡ ಅಂದಾರ. ನಾ ತವರಿಗಿ ಹೋಗ್ತೀನಿ. ನೀವು ಹೆಂಗ ಹೇಳ್ತೀರಿ ಹಂಗ.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟಿದ್ದಿದ್ದರೆ ವಿಜಯಶ್ರೀಗೆ ಜಗಳವಾಡಿ ಹೊರಟುಬಿಡುವುದು ಸುಲಭವಾಗುತ್ತಿತ್ತು. ಕೆಲಸಕ್ಕೆ ಹೆಣ್ಣಾಳು ಹುಡುಕಿದರು. ಬಂದ ಇಬ್ಬರೂ ಒಂದೊಂದೇ ದಿನಕ್ಕೆ ಬಿಟ್ಟು ಹೋದರು.

ಹೊರಡಬೇಕಾದ ದಿನ ಬೆಳಿಗ್ಗೆ ಗೌತಮ ಮೋಟಾರು ಸೈಕಲ್ ಒರೆಸಿ ಬಾಗಿಲ ಮುಂದೆ ನಿಲ್ಲಿಸಿದ್ದ. ಕಲಬುರಗಿಯಿಂದ ರೈಲು, ಬೆಂಗಳೂರಿನಿಂದ ವಿಮಾನ. ವಿಜಯಶ್ರೀ ಅವ್ವನ ಮಂಚದ ಪಕ್ಕ ಕೂತು ಅವಳ ಎಡಗೈ ಹಿಡಿದುಕೊಂಡಳು. ಲಕ್ವಾ ಹೊಡೆದ ಮೇಲೆ ಬಂಡೆಮ್ಮನ ಬಾಯಲ್ಲಿ ಉಳಿದದ್ದು ಒಂದೇ ಸದ್ದು.

“ಅವ್ವಾ, ನಾ ಹೋಗ್ಲೇನು?”

“ಹೂಂ” ಎಂದಳು ಬಂಡೆಮ್ಮ.

ವಿಜಯಶ್ರೀ ಎದ್ದಳು. ಮತ್ತೆ ಕೂತಳು. “ಹೋಗಬಾರ್ದೇನವ್ವಾ? ಇಲ್ಲೇ ಇರ್ಲೇನು?”

“ಹೂಂ.”

“ಯಾವ್ದು ಹೂಂ ಅವ್ವಾ? ಹೋಗೂದೋ ಇರೂದೋ?”

“ಹೂಂ” ಎಂದು ಬಂಡೆಮ್ಮ ಅರ್ಧ ಬಾಯಿಂದ ನಕ್ಕಳು. ಏನು ಕೇಳುತ್ತಿದ್ದಾರೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ಮಗಳ ಬೆರಳನ್ನು ಮಾತ್ರ ಬಿಡಲಿಲ್ಲ. ಹೊರಗೆ ಗೌತಮ ಹಾರ್ನ್ ಬಾರಿಸಿದ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದು ನೋಡಿ, ಬ್ಯಾಗನ್ನು ಎತ್ತಿ ಅಟ್ಟಕ್ಕಿಟ್ಟ.

ದ್ವೀಪದ ಹೆಡ್‌ಮಾಸ್ತರರು ಒಳ್ಳೆಯವರು. ಇನ್ನೊಂದು ತಿಂಗಳು ಎಂದು ಅವಳು ಎರಡು ಸಲ ಬರೆದಳು, ಎರಡು ಸಲವೂ ಒಪ್ಪಿದರು. ಮೂರನೆಯ ಸಲ, ಮಕ್ಕಳಿಗೆ ಪರೀಕ್ಷೆ ಇದೆ, ಕ್ಷಮಿಸಿ ಎಂದು ಬರೆದರು. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಬರೆಯುತ್ತಿದ್ದೆ ಎಂದು ಅವಳಿಗನಿಸಿತು.

ಮಲ್ಲಿಕಾಳಿಗೆ ಹೆಣ್ಣು ಮಗುವಾಯಿತು. ಬಂಡೆಮ್ಮ ಎರಡು ವರ್ಷ ಮೂರು ತಿಂಗಳು ಮಂಚದ ಮೇಲೆ ಇದ್ದು, ಎರಡು ಸಾವಿರದ ಇಪ್ಪತ್ತನಾಲ್ಕರ ಯುಗಾದಿಗೆ ಮುಂಚೆ ತೀರಿಕೊಂಡಳು. ಒಂದೇ ಒಂದು ದಿನವೂ ಅವ್ವನ ಬೆನ್ನಿಗೆ ಹುಣ್ಣಾಗಲು ಮಗಳು ಬಿಡಲಿಲ್ಲ. ಕೇರಿಯವರೆಲ್ಲ ಅದನ್ನು ಹೊಗಳಿದರು. ಹೊಗಳಿಕೆ ಕೇಳುವಾಗ ವಿಜಯಶ್ರೀ ನೆಲ ನೋಡುತ್ತಿದ್ದಳು. ಎಷ್ಟೋ ಮಧ್ಯಾಹ್ನ ಅವ್ವನನ್ನು ಹೊರಳಿಸುತ್ತ, ಇದು ಯಾವಾಗ ಮುಗಿಯುತ್ತದೋ ಎಂದು ತಾನು ಎಣಿಸಿದ್ದು ಅವಳಿಗೆ ಗೊತ್ತಿತ್ತು.

ಅವ್ವನ ದಿನಕರ್ಮ ಮುಗಿದ ವಾರವೇ ದ್ವೀಪದ ಶಾಲೆಗೆ ಮತ್ತೆ ಅರ್ಜಿ ಕಳಿಸಿದಳು. ಉತ್ತರ ಬರುವ ಮೊದಲು ನಸೀಮಾಳ ಫೋನು ಬಂತು. ಅವಳಿಗೆ ಅರ್ಜಿಯ ವಿಷಯ ಗೊತ್ತಿರಲಿಲ್ಲ. ಖುಷಿಯಲ್ಲಿ ಏದುಸಿರು ಬಿಡುತ್ತಿದ್ದಳು: ಲೀನ ಓದು ಮುಗಿಸಿ ಊರಿಗೆ ಬಂದಿದ್ದಾಳೆ, ನಮ್ಮ ಶಾಲೆಗೇ ಟೀಚರ್ ಆಗಿದ್ದಾಳೆ, ಜೀವಶಾಸ್ತ್ರಕ್ಕೇ. “ನಿನ್ನ ಕುರ್ಚಿಯಲ್ಲೇ ಕೂಡುತ್ತಾಳೆ. ಎಲ್ಲಾ ನೀನು ಕಲಿಸಿದ್ದು.” ಹಿಂದೆಯೇ ಲೀನ ಫೋನು ಕಸಿದುಕೊಂಡು “ಮಿಸ್, ಮಿಸ್” ಎಂದು ಕೂಗಿದಳು. ವಿಜಯಶ್ರೀ ಮನಸಾರೆ ಹರಸಿದಳು. ಫೋನಿಟ್ಟ ಮೇಲೆ ಅಂಗಳದ ಕಟ್ಟೆಯ ಮೇಲೆ ಬಿಸಿಲಲ್ಲೇ ಕೂತಳು. ಮಲ್ಲಿಕಾ ಬಂದು, “ತಲೀ ಸುಡ್ತದ ಅಕ್ಕಾ, ಒಳಗ ಬರ್ರಿ” ಎಂದು ಮೂರು ಸಲ ಕರೆದಳು.

ಬೇರೆ ದ್ವೀಪಗಳಿಗೂ ಬರೆದಳು. ಈಗ ಅಲ್ಲಿಯ ಮಕ್ಕಳೇ ಓದಿ ಬರುತ್ತಿದ್ದಾರೆ, ನಿಮ್ಮ ವಿಷಯಕ್ಕೆ ಹೊರಗಿನವರು ಬೇಕಿಲ್ಲ ಎಂದರು. ಅವಳಿಗೆ ನಲವತ್ತೆರಡಾಗಿತ್ತು. ಕಲಬುರಗಿಯ ಹಳೆಯ ಶಾಲೆಗೇ ಮರಳಿದಳು. ಈ ಸಲ ಖೋಲಿ ಹುಡುಕುವ ತೊಂದರೆ ತೆಗೆದುಕೊಳ್ಳಲಿಲ್ಲ, ಬೆಳಗಿನ ಬಸ್ಸನ್ನೇ ಹಿಡಿದಳು.

ಕಳೆದ ವರ್ಷ ಆ ಶಾಲೆಯ ಗಣಿತದ ಟೀಚರ್ ಪ್ರಿಯದರ್ಶಿನಿ ಅವಳ ಬೆನ್ನು ಹತ್ತಿದಳು. ಇಪ್ಪತ್ತಾರರ ಚುರುಕು ಹುಡುಗಿ. “ಗಣಿತಕ್ಕ ಇನ್ನೂ ಕರೀತಾರಂತ್ರಿ ಟೀಚರ್. ಅರ್ಜಿ ಹೆಂಗ ಹಾಕೂದು ಹೇಳಿಕೊಡ್ರಿ.” ವಿಜಯಶ್ರೀ ಪ್ರತಿಯೊಂದನ್ನೂ ಹೇಳಿಕೊಟ್ಟಳು. ಯಾವ ಕಾಗದಕ್ಕೆ ಯಾರ ಸಹಿ ಬೇಕು, ಜೊತೆಗೆ ಏನೇನು ಒಯ್ಯಬೇಕು, ಮೊದಲ ಮಳೆಗೆ ದೋಣಿ ಹತ್ತುವಾಗ ಎಲ್ಲಿ ಕೂಡಬೇಕು ಎಂಬಷ್ಟರ ಮಟ್ಟಿಗೆ. ಹೇಳುತ್ತ ಹೇಳುತ್ತ ಅವಳ ಮುಖ ಬೆಳಗುವುದನ್ನು ಕಂಡು ಸ್ಟಾಫ್ ರೂಮಿನ ಉಳಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಪ್ರಿಯದರ್ಶಿನಿಗೆ ಕೆಲಸ ಸಿಕ್ಕಿತು, ಹೋದಳು.

ಎರಡನೆಯ ವಾರದಿಂದಲೇ ಫೋನಿನಲ್ಲಿ ಅಳು ಶುರುವಾಯಿತು. “ಟೀಚರ್, ಇಲ್ಲಿ ನಾಕೇ ರೋಡ್ ಅವ. ಒಂದು ಪಿಚ್ಚರ್ ಇಲ್ಲ, ಬಜಾರಿಲ್ಲ. ಎಲ್ಲಿ ನೋಡಿದ್ರೂ ಬರೀ ನೀರು. ನನಗ ಹುಚ್ಚ ಹಿಡೀತದ.” ಅಲ್ಲಿ ರಜೆಯಿರುವ ಪ್ರತಿ ಶುಕ್ರವಾರ ವಿಜಯಶ್ರೀ ಸಮಾಧಾನ ಹೇಳಿದಳು. ಸಂಜೆ ಹೊರಗೆ ಹೋಗು, ಜನರ ಜೊತೆ ಕೂಡು, ಅವರು ಕೊಟ್ಟದ್ದು ತಿನ್ನು ಎಂದಳು. ಹುಡುಗಿ ಎಂಟು ತಿಂಗಳು ತಡೆದು, ರಾಜೀನಾಮೆ ಕೊಟ್ಟು ಬಂದುಬಿಟ್ಟಳು.

ಹೋದ ಸೋಮವಾರ ಅವಳು ಮತ್ತೆ ಈ ಶಾಲೆಗೇ ಸೇರಿದಳು. ಬಿಸಿಲಿಗೆ ಕಪ್ಪಾಗಿದ್ದಳು, ಸೊರಗಿದ್ದಳು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಾಕಲೇಟು ಹಂಚಿ ಬಂದು ವಿಜಯಶ್ರೀಯ ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಟ್ಟಳು.

“ಏನಂದ್ರೂ ನಮ್ಮೂರೇ ನಮ್ಗ ಚೊಲೋ ನೋಡ್ರಿ. ಖರೇ ಹೇಳ್ರಿ ಟೀಚರ್, ಆ ನೀರಿನಾಗ ನೀವು ಏಳು ವರ್ಷ ಹೆಂಗ ಕಳದ್ರಿ?”

ವಿಜಯಶ್ರೀ ಅವಳ ಮುಖ ನೋಡಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. “ಒಂಬತ್ತನೇದವ್ರದು ಕ್ಲಾಸ್ ಅದ” ಎಂದು ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದಳು. ಮಕ್ಕಳು ಎದ್ದು ನಿಂತು ಒಂದೇ ದನಿಯಲ್ಲಿ ನಮಸ್ತೆ ಹೇಳಿದವು. ಅವಳು ಕೂಡಲು ಹೇಳುವುದನ್ನು ಮರೆತು, ಹಲಗೆಯ ಕಡೆ ಮುಖ ಮಾಡಿ, ಜೀವಕೋಶದ ಚಿತ್ರ ಬಿಡಿಸತೊಡಗಿದಳು.